ರಜೆ ಮುಗಿಸಿ ಬಂದರೂ ಕೆಲಸಕ್ಕೆ ಮನಸ್ಸಾಗುತ್ತಿಲ್ಲ, ಇದು ಸೋಮಾರಿತನವೇ?

ನನಗೆ ಹಾಗನಿಸುವುದಿಲ್ಲ. ಹತ್ತು ದಿನ ಊರಲ್ಲಿದ್ದು ಬಂದರೂ ಎರಡೇ ದಿನಕ್ಕೆ ಅದೇ ಸುಸ್ತು ಎಂದಿದ್ದೀರಿ. ಬರೀ ದಣಿವಾಗಿದ್ದರೆ ಊರಿನ ನಿದ್ದೆಗೇ ಇಳಿದುಹೋಗಬೇಕಿತ್ತು.

ಇದು ಬರ್ನ್‌ಔಟ್ ಇರಬಹುದು, ಅಂದರೆ ಕೆಲಸದ ಒತ್ತಡದಲ್ಲಿ ಒಳಗೇ ಬರಿದಾಗುವ ಸ್ಥಿತಿ. ವಿಶ್ವ ಆರೋಗ್ಯ ಸಂಸ್ಥೆ ರೋಗ ಮತ್ತು ಆರೋಗ್ಯ ಸಮಸ್ಯೆಗಳ ತನ್ನ ಪಟ್ಟಿಯಾದ ಐಸಿಡಿ-11ರಲ್ಲಿ ಅದಕ್ಕೆ ಮೂರು ಗುರುತು ಹೇಳುತ್ತದೆ: ಶಕ್ತಿ ಬತ್ತಿದಂತಾಗುವುದು, ಕೆಲಸದ ಬಗ್ಗೆ ತಾತ್ಸಾರ ಹುಟ್ಟುವುದು, ಮೊದಲಿನಂತೆ ಕೆಲಸ ಕೈಗೆ ಹತ್ತದಿರುವುದು. ಅದನ್ನು ಕಾಯಿಲೆ ಎಂದು ಕರೆದಿಲ್ಲ. ಸರಿಯಾಗಿ ನಿಭಾಯಿಸದೆ ಬೆಳೆದ ಕೆಲಸದ ಒತ್ತಡದ ಫಲ ಎಂದಿದೆ. ಆಫೀಸು ಹಾಗೇ ಉಳಿದರೆ ರಜೆ ಎಷ್ಟು ದಿನ ಕಾಪಾಡೀತು?

ದಶಕಗಳಿಂದ ಇದನ್ನು ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನಾ ಮ್ಯಾಸ್ಲಾಕ್, ಹೊರೆಯ ಜೊತೆಗೆ ಸ್ವಾತಂತ್ರ್ಯ, ಮನ್ನಣೆ, ನ್ಯಾಯಗಳ ಕೊರತೆಯನ್ನೂ ಕಾರಣವಾಗಿ ಗುರುತಿಸಿದ್ದಾರೆ. ನನ್ನ ಮಟ್ಟಿಗೆ ನ್ಯಾಯವೇ ದೊಡ್ಡದು. ಹೆಚ್ಚು ದುಡಿದದ್ದನ್ನು ತಡೆದುಕೊಳ್ಳಬಹುದು, ಆ ದುಡಿಮೆ ಇನ್ನೊಬ್ಬರ ಹೆಸರಿಗೆ ಹೋದರೆ ಮನಸ್ಸು ಮುರಿಯುತ್ತದೆ. ಹಾಗಾಗಿ ಮ್ಯಾನೇಜರ್ ಹತ್ತಿರ ‘ಒತ್ತಡ ಜಾಸ್ತಿ’ ಎಂದಷ್ಟೇ ಹೇಳಿ ಬರಬೇಡಿ. ಯಾವ ಕೆಲಸ ಕೈಬಿಡಬಹುದು, ರಾತ್ರಿ ಕಾಲ್‌ಗಳನ್ನು ಸರದಿಯಲ್ಲಿ ಹಂಚಬಹುದೇ ಎಂದು ಬಿಡಿಸಿ ಕೇಳಿ.

ಆದರೆ ಮನೆಯಲ್ಲೂ, ಇಷ್ಟದ ಊಟ-ಹಾಡುಗಳಲ್ಲೂ ವಾರಗಟ್ಟಲೆ ಮನಸ್ಸು ನಿಲ್ಲದಿದ್ದರೆ ಅದು ಖಿನ್ನತೆ ಇರಬಹುದು. ದಯವಿಟ್ಟು ತಡಮಾಡದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.