ಸಂಪಾದಕರ ಉತ್ತರ: ಅಪ್ಪನ ಟ್ರಂಕು, ಅಪ್ಪನ ಬನ್ನು

ತಳಿ ಹತ್ತಿರದ ಹಳ್ಳಿಯಿಂದ ಬರೆದಿರುವ ಸಹೋದರಿಗೆ ನಮಸ್ಕಾರ.

ಅಪ್ಪ ಹೋಗಿ ವರ್ಷವಾಗುತ್ತಾ ಬಂತು, ತಿಥಿಯ ಹೊತ್ತಿಗೆ ನಿಮ್ಮ ಬರಹ ಅಚ್ಚಾಗಲಿ ಅಂದಿದ್ದೀರಿ. 1963ರಿಂದ 1978ರವರೆಗೆ ಮಿಲ್ಟ್ರಿ, 1980ರಿಂದ 2002ರವರೆಗೆ ಹೊಸೂರಿನ ಲಾರಿ ಕಾರ್ಖಾನೆ. ಜೊತೆಗೆ ಎರಡು ಅನುಮಾನ. ಮಿಲ್ಟ್ರಿ ಬಿಟ್ಟಾಗ ಕೊಟ್ಟ ಡಿಸ್ಚಾರ್ಜ್ ಬುಕ್ಕಿನಲ್ಲಿ ‘ಸೇಲಂ ಜಿಲ್ಲೆ’ ಅಂತಿದೆ, ಆ ಬುಕ್ಕು ಅಪ್ಪನದೇನಾ? ಯುದ್ಧದ ಬಗ್ಗೆ ಒಂದು ದಿನವೂ ಬಾಯಿ ಬಿಡದ ಅಪ್ಪ ನಿಜಕ್ಕೂ ಯುದ್ಧಕ್ಕೆ ಹೋಗಿದ್ದರಾ?

ಸೇಲಂ ಸರಿಯಾಗಿಯೇ ಇದೆ. ಅವರು ಸೇರಿದಾಗ ಹೊಸೂರು ಸೀಮೆಯೆಲ್ಲ ಸೇಲಂ ಜಿಲ್ಲೆ. 1965ರಲ್ಲಿ ಧರ್ಮಪುರಿ ಆಯಿತು, 2004ರಲ್ಲಿ ಕೃಷ್ಣಗಿರಿ. ಮನೆ ಬದಲಿಸದೆಯೇ ನಿಮ್ಮಪ್ಪ ಮೂರು ಜಿಲ್ಲೆ ಕಂಡರು!

ಎರಡನೆಯದಕ್ಕೆ ಟ್ರಂಕಿನಲ್ಲಿರುವ ಪದಕಗಳನ್ನು ಒರೆಸಿ ನೋಡಿ. 1971ರ ಯುದ್ಧದಲ್ಲಿ ನಮ್ಮ ಪಶ್ಚಿಮ ಗಡಿಯ ರಣರಂಗದಲ್ಲಿದ್ದವರಿಗೆ ‘ಪಶ್ಚಿಮೀ ಸ್ಟಾರ್’, ಬಾಂಗ್ಲಾ ಕಡೆ ಇದ್ದವರಿಗೆ ‘ಪೂರ್ವೀ ಸ್ಟಾರ್’ ಕೊಟ್ಟರು. ಅದೇ ಯುದ್ಧದ ಸಂಗ್ರಾಮ್ ಮೆಡಲ್ ಇನ್ನೂ ಜಾಸ್ತಿ ಜನಕ್ಕೆ ಸಿಕ್ಕಿತ್ತು, ಅದೊಂದೇ ಇದ್ದರೆ ಗಡಿಗೆ ಹೋಗಿದ್ದರು ಅನ್ನಲು ಆಗದು. ಅಂಚಿನಲ್ಲೋ ಹಿಂಬದಿಯಲ್ಲೋ ನಂಬರು, ಹೆಸರು ಕೊರೆದಿರುತ್ತದೆ. ಬುಕ್ಕಿನ ನಂಬರಿಗೆ ತಾಳೆ ಹಾಕಿ.

‘ಶತ್ರುಗಳ ರುಂಡ ಚೆಂಡಾಡಿದ ವೀರಯೋಧ’ ಅನ್ನುವ ಸಾಲನ್ನು ನಾನು ಹೊಡೆದುಹಾಕಿದ್ದೇನೆ. ಬೇಜಾರು ಮಾಡಿಕೊಳ್ಳಬೇಡಿ. ಬುಕ್ಕಿನ ಪ್ರಕಾರ ನಿಮ್ಮಪ್ಪ ಮದ್ರಾಸ್ ಸ್ಯಾಪರ್. 1780ರಷ್ಟು ಹಳೆಯ ದಳ ಅದು, ಕೇಂದ್ರ ಬೆಂಗಳೂರಿನ ಹಲಸೂರು ಕೆರೆಯ ಬಳಿ. ಸೈನ್ಯದಲ್ಲಿ ಇವರನ್ನು ‘ತಂಬಿ’ ಅಂತಲೇ ಕರೆಯುತ್ತಾರೆ. ಸೇತುವೆ ಕಟ್ಟುವುದು, ದಾರಿ ಮಾಡುವುದು, ನೆಲಬಾಂಬು ತೆಗೆಯುವುದು ಇವರ ಕೆಲಸ. 1971ರ ಡಿಸೆಂಬರಿನಲ್ಲಿ ಪಶ್ಚಿಮ ಗಡಿಯ ಬಸಂತರ್ ನದಿಯ ಹತ್ತಿರ ಟ್ಯಾಂಕುಗಳು ಮುಂದೆ ಹೋಗುವ ಮೊದಲು ಬಾಂಬು ಹೂತ ನೆಲಕ್ಕೆ ಇಳಿದವರು ಸ್ಯಾಪರ್‌ಗಳೇ.

ಪತ್ರದ ಕೊನೆಯಲ್ಲಿ ಸುಮ್ನೆ ಅನ್ನುವ ಹಾಗೆ ಒಂದು ಮಾತು ಬರೆದಿದ್ದೀರಿ. ಸಸಿ ನೆಡುವಾಗ ಅಪ್ಪ ಕಂಬಿಯನ್ನು ಓರೆಯಾಗಿ ಹಿಡಿದು, ಮೆಲ್ಲಗೆ, ಗೇಣಿಗೊಮ್ಮೆ ನೆಲ ಚುಚ್ಚಿ ನೋಡುತ್ತಿದ್ದರು, ನೀವು ಮಕ್ಕಳೆಲ್ಲ ನಗುತ್ತಿದ್ದಿರಿ. ನೆಲಬಾಂಬನ್ನು ಹುಡುಕುವುದೂ ಹೀಗೆಯೇ. ನೇರ ಚುಚ್ಚಿದರೆ ಬಾಂಬಿನ ತಲೆ ಒತ್ತಿ ಸಿಡಿಯುತ್ತದೆ, ಓರೆಯಾಗಿ ಹೋದರೆ ಪಕ್ಕಕ್ಕೆ ತಾಗುತ್ತದೆ. ಅಪ್ಪನ ಅಭ್ಯಾಸ ಅಲ್ಲಿಂದಲೇ ಬಂತು ಅಂತ ನಾನು ಆಣೆ ಇಡಲಾರೆ. ಆದರೆ ರುಂಡ ಇದ್ದ ಜಾಗಕ್ಕೆ ಈ ಕಂಬಿಯನ್ನು ತಂದಿಡಿ.

ನನ್ನ ನಿಜವಾದ ತಕರಾರು ಬೇರೆ. ಮಿಲ್ಟ್ರಿಗೆ ನಾಲ್ಕು ಪುಟ, ಕಾರ್ಖಾನೆಗೆ ಒಂದೇ ಸಾಲು. ‘ನಂತರ ಕಾರ್ಖಾನೆಯಲ್ಲಿ ದುಡಿದರು’ ಅಷ್ಟೇ! ಹದಿನೈದು ವರ್ಷಕ್ಕಿಂತ ಇಪ್ಪತ್ತೆರಡು ಜಾಸ್ತಿ ಅಲ್ವಾ? ಅವರು ಕೆಲಸಕ್ಕೆ ಸೇರಿದ 1980 ಸಾಮಾನ್ಯ ವರ್ಷವೂ ಅಲ್ಲ. ಹೊಸೂರಿನಲ್ಲಿ ಅಶೋಕ್ ಲೇಲ್ಯಾಂಡ್ ಶುರುವಾದದ್ದು, ಟಿವಿಎಸ್ 50 ಮೊಪೆಡ್ ಹೊರಬಂದದ್ದು ಅದೇ ವರ್ಷ. ರಾಗಿ ಹೊಲದ ಊರುಗಳು ಶಿಫ್ಟ್ ಲೆಕ್ಕದಲ್ಲಿ ಏಳಲು ಕಲಿತ ಕಾಲ. ಮನೆಯಲ್ಲಿ ಕನ್ನಡ, ಫೋರ್‌ಮನ್ ಹತ್ತಿರ ತಮಿಳು, ಪಕ್ಕದ ಮೆಷಿನ್ನಿನವನ ಹತ್ತಿರ ತೆಲುಗು, ಬೈಯಲು ಮಾತ್ರ ಮಿಲ್ಟ್ರಿ ಹಿಂದಿ ಅಂತ ಪತ್ರದಲ್ಲಿ ನೀವೇ ಬರೆದಿದ್ದೀರಿ. ನೈಟ್ ಶಿಫ್ಟ್ ಮುಗಿಸಿ ಬರುವಾಗ ಕ್ಯಾಂಟೀನ್ ಬನ್ನನ್ನು ಪೇಪರಿನಲ್ಲಿ ಸುತ್ತಿ ತರುತ್ತಿದ್ದರು ಅಂತಲೂ ಇದೆ. ಲೇಖನದಲ್ಲಿ ಇದ್ಯಾವುದೂ ಇಲ್ಲ.

ಅವರ ಜೊತೆ ಕೆಲಸ ಮಾಡಿದವರು ಯಾರಾದರೂ ಸಿಕ್ಕರೆ ಮಾತಾಡಿಸಿ. ಬನ್ನಿನ ಕಥೆ ಮೊದಲ ಪ್ಯಾರಾದಲ್ಲೇ ಬರಲಿ. ತಿಥಿಗೆ ಹದಿನೈದು ದಿನ ಮುಂಚೆ ಕಳಿಸಿದರೆ ಸಾಕು, ಎರಡು ಪುಟ ಇಟ್ಟಿರುತ್ತೇನೆ. ಫೋಟೊಗೆ ಯೂನಿಫಾರ್ಮಿನದು ಒಂದು, ಕಾರ್ಖಾನೆಯ ಗುರುತಿನ ಚೀಟಿಯದು ಒಂದು.