ಅಮ್ಮ ಹೆಣೆದ ಸ್ವೆಟರ್ ಮೂಟೆ ಹಾಕಿಕೊಂಡ ಹಾಗೆ ಕಾಣುತ್ತದೆ. ಮೈಗೆ ಒಪ್ಪುವಂತೆ ಮಾಡಲು ಟೈಲರ್‌ಗೆ ಕೊಡಬಹುದೇ?

ದಯವಿಟ್ಟು ಕೊಡಬೇಡಿ. ನನ್ನ ತಾಯಿ ಹೆಣೆದ ಒಂದು ಸ್ವೆಟರನ್ನು ನಾನು ಹಾಗೇ ಕೊಟ್ಟಿದ್ದೆ. ಪಕ್ಕೆ ಕತ್ತರಿಸಿ, ಓವರ್‌ಲಾಕ್ ಹೊಡೆದು ಕೊಟ್ಟರು. ಹೆಣಿಗೆ ಹಿಗ್ಗುತ್ತದೆ, ಮಿಷಿನ್ ಹೊಲಿಗೆ ಅಷ್ಟು ಹಿಗ್ಗುವುದಿಲ್ಲ. ಪಕ್ಕೆಯೆಲ್ಲ ಅಲೆಅಲೆಯಾಗಿ ಎದ್ದು ನಿಂತಿತು. ಕತ್ತರಿಸಿದ್ದನ್ನು ಮತ್ತೆ ಕೂಡಿಸಲು ಆಗಲಿಲ್ಲ. ಇವತ್ತಿಗೂ ಅದು ಬೀರುವಿನಲ್ಲಿದೆ, ನೋಡಿದಾಗಲೆಲ್ಲ ಸಂಕಟವಾಗುತ್ತದೆ.

ಸೊಂಟದ ಹತ್ತಿರ ಬಲೂನಿನ ಹಾಗೆ ಉಬ್ಬುತ್ತದೆ, ಭುಜ ಜಾರುತ್ತದೆ ಎಂದು ಬರೆದಿದ್ದೀರಿ. ಉಬ್ಬುವುದಕ್ಕೆ ಕಾರಣ ಸಾಮಾನ್ಯವಾಗಿ ಬಾರ್ಡರ್, ಅಂದರೆ ಕೆಳ ಅಂಚಿನ ಪಟ್ಟಿ. ನಮ್ಮ ಅಮ್ಮಂದಿರು 12 ನಂಬರ್ ಕಡ್ಡಿಯಲ್ಲಿ ಬಾರ್ಡರ್ ಬಿಗಿಯಾಗಿ ಹಾಕಿ, ಆಮೇಲೆ ಕುಣಿಕೆ ಹೆಚ್ಚಿಸಿ ಅದಕ್ಕಿಂತ ದಪ್ಪನೆಯ 10 ನಂಬರಿನಲ್ಲಿ ಮೈ ಹೆಣೆಯುತ್ತಿದ್ದರು. ಆ ಬಿಗಿ ಪಟ್ಟಿ ಸೊಂಟದ ಕೆಳಗೆ, ಮೈ ಅತಿ ಅಗಲವಿರುವ ಕಡೆ ಹಿಡಿದುಕೊಂಡರೆ ಮೇಲಿನದೆಲ್ಲ ಅದರ ಮೇಲೆ ಕುಸಿದು ಉಬ್ಬುತ್ತದೆ. ಹಾಗಾಗಿ ಮೊದಲು ನೋಡಬೇಕಾದ್ದು ಉದ್ದ, ಅಗಲ ಆಮೇಲೆ. ಎಷ್ಟೋ ಸ್ವೆಟರ್‌ಗಳು ಎರಡು ಇಂಚು ಗಿಡ್ಡ ಮಾಡಿದರೇ ಸರಿಹೋಗುತ್ತವೆ.

ಅಳತೆ ನೋಡುವಾಗ ಅದನ್ನು ಯಾವುದರ ಮೇಲೆ ಹಾಕುತ್ತೀರೋ ಅದನ್ನೇ ಉಟ್ಟುಕೊಂಡು ನೋಡಿ. ಇಲ್ಲಿ ಚಿಕ್ಕಬಳ್ಳಾಪುರದಲ್ಲಿ ಧನುರ್ಮಾಸದ ಬೆಳಗ್ಗೆ ದೇವಸ್ಥಾನಕ್ಕೆ ಹೋಗುವಾಗ ನಾವು ಸ್ವೆಟರ್ ಹಾಕುವುದು ಸೀರೆಯ ಮೇಲೆ. ನೆರಿಗೆಯ ಗಂಟು, ಸೆರಗು ಎರಡಕ್ಕೂ ಜಾಗ ಬೇಕು. ಬರೀ ಚೂಡಿದಾರ್ ಮೇಲೆ ಅಳೆದು ಬಿಗಿ ಮಾಡಿಕೊಂಡರೆ ಸೀರೆಗೆ ಆಗುವುದಿಲ್ಲ.

ಸ್ವೆಟರ್ ಎಲ್ಲಿಗೆ ನಿಲ್ಲಬೇಕೋ ಅಲ್ಲಿ ಸೇಫ್ಟಿ ಪಿನ್ ಚುಚ್ಚಿ. ಹಳೇ ಬಾರ್ಡರ್ ತೆಗೆದು ಹೊಸದು ಹಾಕಬೇಕು, ಅದರ ಎರಡು ಇಂಚನ್ನೂ ಲೆಕ್ಕದಲ್ಲಿ ಇಟ್ಟುಕೊಳ್ಳಿ. ಪಕ್ಕೆ ಹೊಲಿಗೆಯನ್ನು ಕಂಕುಳಿನ ಒಂದು ಇಂಚು ಕೆಳಗಿನವರೆಗೆ ಬಿಚ್ಚಿ. ಮುಂಭಾಗದಲ್ಲಿ ಉಳಿಯಬೇಕಾದ ಒಂದು ಸಾಲಿನ ಅಷ್ಟೂ ಕುಣಿಕೆಯನ್ನು 12 ನಂಬರ್ ಕಡ್ಡಿಗೆ ಏರಿಸಿಕೊಳ್ಳಿ. ಅದರ ಕೆಳಗಿನ ಸಾಲಿನ ನಡುವೆ ಒಂದೇ ಒಂದು ಕುಣಿಕೆ ಕತ್ತರಿಸಿ, ಎರಡೂ ಕಡೆಗೆ ಎಳೆಯನ್ನು ನಿಧಾನವಾಗಿ ಬಿಡಿಸುತ್ತಾ ಹೋಗಿ. ಹಳೇ ಬಾರ್ಡರ್ ತಾನಾಗಿ ಕೈಗೆ ಬರುತ್ತದೆ. ಮೊದಲ ಸಲ ಎದೆ ಢವಢವ ಅನ್ನುತ್ತದೆ, ಆದರೆ ಕಡ್ಡಿಯಲ್ಲಿರುವ ಕುಣಿಕೆ ಎಲ್ಲಿಗೂ ಹೋಗುವುದಿಲ್ಲ. ಅಲ್ಲಿಂದ ಕೆಳಮುಖವಾಗಿ ಎರಡು ಸೀದಾ, ಎರಡು ಉಲ್ಟಾ ಹೊಸ ಬಾರ್ಡರ್ ಹಾಕಿ. ಕೊನೆಯಲ್ಲಿ ಕುಣಿಕೆ ಮುಚ್ಚುವಾಗ 10 ನಂಬರ್ ಕಡ್ಡಿ ತೆಗೆದುಕೊಳ್ಳಿ, ಇಲ್ಲದಿದ್ದರೆ ಅಂಚು ಮತ್ತೆ ಬಿಗಿಯುತ್ತದೆ. ಹಿಂಭಾಗಕ್ಕೂ ಹೀಗೇ. ನೂಲಿಗೆ ಅಂಗಡಿ ಅಲೆಯಬೇಡಿ, ಅದೇ ಬಣ್ಣ ಸಿಗುವುದು ಕಷ್ಟ. ಬಿಚ್ಚಿದ ಎಳೆಯನ್ನೇ ಕುರ್ಚಿ ಬೆನ್ನಿಗೆ ಸುತ್ತಿ ಲಡಿ ಮಾಡಿ, ನೆನೆಸಿ, ಸಣ್ಣ ಭಾರ ಕಟ್ಟಿ ನೇತುಹಾಕಿದರೆ ಸುರುಳಿ ಬಹುಮಟ್ಟಿಗೆ ಬಿಡುತ್ತದೆ.

ಈಗ ಪಕ್ಕೆ. ನಾಲ್ಕು ಇಂಚಿಗೆ ಎಷ್ಟು ಕುಣಿಕೆ ಬರುತ್ತದೆ ಎಣಿಸಿ. ನನ್ನ ಇನ್ನೊಂದು ಸ್ವೆಟರಿನಲ್ಲಿ 22 ಇತ್ತು, ಅಂದರೆ ಇಂಚಿಗೆ ಐದೂವರೆ. ಸೊಂಟದಲ್ಲಿ ಮೂರು ಇಂಚು ಕಡಿಮೆಯಾಗಬೇಕಿತ್ತು, ಸುಮಾರು 16 ಕುಣಿಕೆ. ಎರಡು ಪಕ್ಕೆಗೆ ಹಂಚಿದರೆ ಪ್ರತಿ ಪಕ್ಕೆಯಲ್ಲೂ ಮುಂದೆ ನಾಲ್ಕು, ಹಿಂದೆ ನಾಲ್ಕು ಒಳಗೆ ಹೋಗಬೇಕು. ಮೇಲಿನಿಂದ ಕೆಳಗೆ ಒಂದೇ ಸಮನೆ ಒಳಗೆ ತಳ್ಳಬೇಡಿ. ಕಂಕುಳಿನ ಕೆಳಗೆ ಸೊನ್ನೆಯಿಂದ ಶುರುಮಾಡಿ, ಸೊಂಟಕ್ಕೆ ಬರುವಷ್ಟರಲ್ಲಿ ನಾಲ್ಕು ಕುಣಿಕೆ ಒಳಗೆ ಹೋಗಿ, ಬಾರ್ಡರಿನ ಹತ್ತಿರ ಮತ್ತೆ ಹೊರಗೆ ಬನ್ನಿ. ಈ ಬಾಗು ಇದ್ದರೇ ಸ್ವೆಟರ್ ಮೈಗೆ ಒಪ್ಪುವುದು. ಮೊದಲು ದೊಡ್ಡದೊಡ್ಡ ಕಚ್ಚಾ ಹೊಲಿಗೆ ಹಾಕಿ ತೊಟ್ಟು ನೋಡಿ, ಆಮೇಲೆ ಅದೇ ನೂಲಿನಲ್ಲಿ ಕೈಯಲ್ಲೇ ಹೊಲಿಯಿರಿ. ಒಳಗಿನ ಅಂಚು ಕತ್ತರಿಸಬೇಡಿ. ನಾಳೆ ಮೈ ಬಂದರೆ ಬಿಚ್ಚಿಕೊಳ್ಳಬಹುದು.

ಭುಜ ಜಾರುವುದಕ್ಕೆ ಸುಲಭದ ದಾರಿಯಿದೆ. ಒಳಬದಿಯಲ್ಲಿ ಭುಜದ ಹೊಲಿಗೆ ಮತ್ತು ಹಿಂಗತ್ತಿನ ಉದ್ದಕ್ಕೂ ಕ್ರೋಶಾ ಕಡ್ಡಿಯಿಂದ ಒಂದು ಸಾಲು ಸರಪಳಿಯನ್ನು ಸ್ವಲ್ಪ ಬಿಗಿಯಾಗಿ ಹಾಕಿ. ಹಿಗ್ಗಿದ್ದು ಅಲ್ಲಿಗೆ ನಿಲ್ಲುತ್ತದೆ.

ಇಸ್ತ್ರಿ ವಿಚಾರದಲ್ಲಿ ಮಾತ್ರ ಎಚ್ಚರ. ಅಂಗಡಿಯಲ್ಲಿ ಉಲ್ಲನ್ ಎಂದು ಕೊಡುವುದರಲ್ಲಿ ಬಹಳಷ್ಟು ಅಕ್ರಿಲಿಕ್. ಒಂದು ಗೇಣು ಎಳೆಯ ತುದಿಯನ್ನು ಇಕ್ಕಳದಲ್ಲಿ ಹಿಡಿದು, ನೀರಿನ ಬಟ್ಟಲಿನ ಮೇಲೆ ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ಉಣ್ಣೆ, ಕರಗಿ ಗಟ್ಟಿ ಮಣಿಯಾದರೆ ಅಕ್ರಿಲಿಕ್. ಉಣ್ಣೆಯಾದರೆ ತಣ್ಣೀರಿನಲ್ಲಿ ನೆನೆಸಿ, ಟವೆಲಿನಲ್ಲಿ ಒತ್ತಿ, ಬೇಕಾದ ಆಕಾರಕ್ಕೆ ಹರಡಿ ನೆರಳಲ್ಲಿ ಒಣಗಿಸಿದರೆ ಹಾಗೇ ಕೂರುತ್ತದೆ. ಅಕ್ರಿಲಿಕ್‌ಗೆ ಬಿಸಿ ಇಸ್ತ್ರಿ ತಾಗಿದರೆ ಬಾರ್ಡರಿನ ಬಿಗಿ ಸತ್ತೇಹೋಗುತ್ತದೆ, ಮತ್ತೆ ಬರುವುದಿಲ್ಲ.

ನಿಮ್ಮದು ಯಾವ ನೂಲು, ನಾಲ್ಕು ಇಂಚಿಗೆ ಎಷ್ಟು ಕುಣಿಕೆ, ಎಷ್ಟು ಇಂಚು ಕಡಿಮೆಯಾಗಬೇಕು ಎಂದು ಬರೆಯಿರಿ, ಲೆಕ್ಕ ಹಾಕಿ ಹೇಳುತ್ತೇನೆ.