ಕೈಯಳತೆಯಷ್ಟೂ ಕಾಣದ ತಣ್ಣೀರಿನಲ್ಲಿ ಡೈವಿಂಗ್ ಕಲಿಯಬಹುದಾ?

ಪ್ರಶ್ನೆ: ಎರಡು ವರ್ಷದ ಹಿಂದೆ ಮುರುಡೇಶ್ವರಕ್ಕೆ ಹೋದಾಗ ನೇತ್ರಾಣಿಯಲ್ಲಿ ಒಂದು ಸಲ ಸ್ಕೂಬಾ ಮಾಡಿದ್ದೆ. ನೀರು ಬೆಚ್ಚಗಿತ್ತು, ತಿಳಿಯಾಗಿತ್ತು. ಮೇಲೆ ಬರೋಕೆ ಮನಸ್ಸೇ ಇರಲಿಲ್ಲ. ಈಗ ಕೆಲಸದ ಮೇಲೆ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿದ್ದೇನೆ. ಡೈವಿಂಗ್‌ನ ಮೊದಲ ಹಂತದ ಓಪನ್ ವಾಟರ್ ಕೋರ್ಸ್ ಸೇರಿದೆ. ಈಜುಕೊಳದಲ್ಲಿ ಎಲ್ಲ ಸಲೀಸಾಯಿತು. ಆದರೆ ಮಾಂಟೆರೆ ಸಮುದ್ರದಲ್ಲಿ ಮುಖ ಅದ್ದಿದ ಕೂಡಲೇ ಉಸಿರು ಕಟ್ಟಿದಂತಾಯಿತು. ಕೆಳಗೆ ಬರೀ ಹಸಿರು ಮಬ್ಬು. ಅರ್ಧಕ್ಕೇ ಮೇಲೆ ಬಂದೆ. ಉಳಿದದ್ದನ್ನು ಹವಾಯಿಯಲ್ಲಿ ಮುಗಿಸು ಅಂತ ಗೆಳೆಯರು ಹೇಳುತ್ತಿದ್ದಾರೆ. ಇಲ್ಲೇ ಮುಂದುವರಿಸಲಾ? ನನಗೆ ಕನ್ನಡಕ ಬೇರೆ ಇದೆ, ಮೈನಸ್ 4.

ಉತ್ತರ: ಅರ್ಧಕ್ಕೇ ಮೇಲೆ ಬಂದಿರಲ್ಲ, ಅದು ಸರಿಯಾದ ಕೆಲಸ. ಯಾರು ಬೇಕಾದರೂ, ಯಾವಾಗ ಬೇಕಾದರೂ, ಕಾರಣ ಹೇಳದೆಯೂ ಡೈವ್ ನಿಲ್ಲಿಸಬಹುದು. ಮಾಮೂಲಾಗಿ ಹೆಬ್ಬೆರಳು ಮೇಲೆತ್ತಿದರೆ ‘ಸೂಪರ್’ ಅಂತ. ನೀರಿನೊಳಗೆ ಅದರ ಅರ್ಥ ‘ಮೇಲೆ ಹೋಗೋಣ’. ಆ ಸನ್ನೆ ಮಾಡಲು ಸಂಕೋಚ ಪಡುವವರ ಬಗ್ಗೆಯೇ ನನಗೆ ಜಾಸ್ತಿ ಚಿಂತೆ.

ಉಸಿರು ಕಟ್ಟಿದ್ದಕ್ಕೆ ನಿಮ್ಮ ಧೈರ್ಯ ಕಾರಣವಲ್ಲ. ಮಾಂಟೆರೆ ನೀರು ವರ್ಷವಿಡೀ ಸುಮಾರು 10ರಿಂದ 15 ಡಿಗ್ರಿ ಸೆಲ್ಸಿಯಸ್. ಅಷ್ಟು ತಣ್ಣೀರು ಮುಖಕ್ಕೆ ತಾಗಿದಾಗ ಮೈ ತಾನಾಗಿ ಗಕ್ಕನೆ ಉಸಿರೆಳೆಯುತ್ತದೆ. ಆಮೇಲೆ ಗಡಿಬಿಡಿಯ, ಮೇಲುಮೇಲಿನ ಉಸಿರು. ಹಾಗೆ ಉಸಿರಾಡಿದರೆ ಒಳಗಿನ ಕಾರ್ಬನ್ ಡೈಆಕ್ಸೈಡ್ ಸರಿಯಾಗಿ ಹೊರಗೆ ಹೋಗುವುದಿಲ್ಲ. ಸಿಲಿಂಡರ್ ತುಂಬ ಗಾಳಿ ಇದ್ದರೂ ಗಾಳಿಯೇ ಸಾಲುತ್ತಿಲ್ಲ ಅನಿಸುತ್ತದೆ.

ಇದಕ್ಕೆ ಒಂದು ಉಪಾಯ ಇದೆ. ನಾನು ಇವತ್ತಿಗೂ ಪ್ರತಿ ಡೈವ್‌ಗೆ ಮೊದಲು ಮಾಡುತ್ತೇನೆ. ಅಲೆ ಇಲ್ಲದ ಕಡೆ, ಸೊಂಟದವರೆಗಿನ ನೀರಿನಲ್ಲಿ, ಇನ್‌ಸ್ಟ್ರಕ್ಟರ್ ಪಕ್ಕದಲ್ಲಿ ನಿಲ್ಲಿ. ಮಾಸ್ಕ್ ಹಾಕಬೇಡಿ, ಸಿಲಿಂಡರ್ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರ್ ಮಾತ್ರ ಬಾಯಲ್ಲಿರಲಿ. ಮುಖ ಅದ್ದಿ, ಬಾಯಿಂದಲೇ ಉಸಿರಾಡಿ. ಒಳಗೆ ಎಳೆದದ್ದಕ್ಕಿಂತ ಹೊರಗೆ ಬಿಡುವುದು ನಿಧಾನವಾಗಿರಲಿ. ಮೊದಲ ನಾಲ್ಕೈದು ಉಸಿರು ಹಿಂಸೆ. ಹಣೆ ಜುಮ್ಮೆನ್ನುತ್ತದೆ, ಐಸ್‌ಕ್ಯಾಂಡಿಯನ್ನು ಗಬಕ್ಕನೆ ಕಚ್ಚಿದ ಹಾಗೆ. ಎರಡು ಮೂರು ನಿಮಿಷದಲ್ಲಿ ಉಸಿರು ಲಯಕ್ಕೆ ಬರುತ್ತದೆ. ಬಂದ ಮೇಲೆ ಮಾಸ್ಕ್ ಹಾಕಿ. ಬರಲಿಲ್ಲವಾದರೆ ಅವತ್ತು ಇಳಿಯಬೇಡಿ.

ಇನ್ನು ಮಬ್ಬಿನ ವಿಷಯ. ವಸಂತದಲ್ಲಿ ವಾಯವ್ಯದ ಗಾಳಿ ಮೇಲಿನ ನೀರನ್ನು ತೀರದಿಂದ ಆಚೆ ತಳ್ಳುತ್ತದೆ. ಆ ಜಾಗಕ್ಕೆ ಆಳದ ತಣ್ಣೀರು ಮೇಲೇಳುತ್ತದೆ. ಅದರಲ್ಲಿ ಪೋಷಕಾಂಶ ಜಾಸ್ತಿ. ಬಿಸಿಲು ಬಿದ್ದರೆ ಪ್ಲಾಂಕ್ಟನ್ ಅನ್ನುವ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಹುಲುಸಾಗಿ ಬೆಳೆದು ನೀರೆಲ್ಲ ಹಸಿರಾಗುತ್ತದೆ. ಮಾಂಟೆರೆಯ ಕೆಲ್ಪ್ ಕಾಡನ್ನು, ಅಂದರೆ ಮರದಷ್ಟು ಎತ್ತರದ ಕಡಲಪಾಚಿಯ ಕಾಡನ್ನು, ಸಾಕುವುದೂ ಇದೇ ನೀರು. ಅಲ್ಲಿ ಎಲೆ ಸಂದಿಯಿಂದ ಬಿಸಿಲು ಇಳಿಯುವುದನ್ನು ಒಮ್ಮೆ ನೋಡಿ, ಈ ಚಳಿ ಯಾಕೆ ತಡೆದುಕೊಳ್ಳುತ್ತೇವೆ ಅಂತ ನಿಮಗೇ ತಿಳಿಯುತ್ತದೆ. ನೀರು ಸಾಮಾನ್ಯವಾಗಿ ತಿಳಿಯಾಗಿರುವುದು ಸೆಪ್ಟೆಂಬರ್‌ನಿಂದ ನವೆಂಬರ್. ಸಾಧ್ಯವಾದರೆ ಉಳಿದ ತರಗತಿಯನ್ನು ಆಗ ಇಟ್ಟುಕೊಳ್ಳಿ.

ಮೂರು ಮೀಟರ್ ಮಾತ್ರ ಕಾಣುವ ದಿನ ಬರೀ ನೀರಿನಲ್ಲಿ ಸುಮ್ನೆ ಇಳಿಯಬೇಡಿ. ಮೇಲೂ ಕಾಣದು, ಕೆಳಗೂ ಕಾಣದು, ತಲೆ ಸುತ್ತುತ್ತದೆ. ನೀರಿನ ಮೇಲೆ ತೇಲುವ ಬುರುಡೆಗೆ ಕಟ್ಟಿ ಕೆಳಗೆ ಬಿಟ್ಟ ಹಗ್ಗ ಹಿಡಿದು ಇಳಿಯಿರಿ, ಇಲ್ಲವೇ ದಂಡೆಯಿಂದ ನೆಲದ ಇಳಿಜಾರು ಹಿಡಿದು ಹೋಗಿ. ಕಣ್ಣು ಆಗಾಗ ಆಳ ತೋರಿಸುವ ಡೆಪ್ತ್ ಗೇಜ್ ಮೇಲಿರಲಿ. ಜೊತೆಗಾರ ಕೈಗೆ ಎಟುಕುವಷ್ಟು ಹತ್ತಿರ ಇರಬೇಕು. ಇಬ್ಬರ ಹತ್ತಿರವೂ ಟಾರ್ಚ್ ಇರಲಿ, ಹಗಲಾದರೂ. ತಪ್ಪಿಸಿಕೊಂಡರೆ ಒಂದು ನಿಮಿಷ ಸುತ್ತ ಹುಡುಕಿ, ಸಿಗದಿದ್ದರೆ ನಿಧಾನವಾಗಿ ಮೇಲೆ ಬಂದು ಸೇರುವುದು. ಇದನ್ನು ದಡದಲ್ಲೇ ಬಾಯಿಬಿಟ್ಟು ಮಾತಾಡಿಕೊಳ್ಳಿ. ‘ಅವನಿಗೆ ಗೊತ್ತಿರುತ್ತೆ ಬಿಡು’ ಅಂದುಕೊಂಡು ಇಳಿಯಬೇಡಿ.

ಹೊಸಬರು ಗಾಳಿಯ ಲೆಕ್ಕ ಇಡುತ್ತಾರೆ, ಮೈಬಿಸಿಯ ಲೆಕ್ಕ ಇಡುವುದಿಲ್ಲ. ನನ್ನ ಪ್ರಕಾರ ತಣ್ಣೀರಿನ ಡೈವಿಂಗ್‌ನಲ್ಲಿ ಕಲಿಯಬೇಕಾದ ಮುಖ್ಯ ಪಾಠವೇ ಇದು. ಮೈಬಿಸಿಯೂ ಸಿಲಿಂಡರ್ ಗಾಳಿಯಂತೆಯೇ ಖರ್ಚಾಗುತ್ತದೆ, ಆದರೆ ಅದಕ್ಕೆ ಗೇಜ್ ಇಲ್ಲ. ವೆಟ್‌ಸೂಟ್ ಅಂದರೆ ಒಳಗೆ ಸ್ವಲ್ಪ ನೀರು ಬಿಡುವ ರಬ್ಬರ್ ಉಡುಪು. 7 ಮಿಲಿಮೀಟರ್ ದಪ್ಪದ ಆ ರಬ್ಬರ್ ತುಂಬ ಸಣ್ಣ ಗುಳ್ಳೆಗಳು. 10 ಮೀಟರ್ ಇಳಿಯುವಷ್ಟರಲ್ಲಿ ಒತ್ತಡ ಎರಡು ಪಟ್ಟಾಗಿ ಅವು ಅಮುಕಿಹೋಗುತ್ತವೆ. ಸೂಟ್ ತೆಳ್ಳಗಾಗುತ್ತದೆ, ಚಳಿ ಹೊಕ್ಕುತ್ತದೆ, ನೀವು ಭಾರವಾಗಿ ಮುಳುಗುತ್ತೀರಿ. ಮೊದಲು ಬೆರಳು ಮಾತು ಕೇಳುವುದಿಲ್ಲ, ಆಮೇಲೆ ಯೋಚನೆ ಮಂದವಾಗುತ್ತದೆ. ನಡುಕ ಶುರುವಾದರೆ ಗಾಳಿ ಎಷ್ಟೇ ಉಳಿದಿರಲಿ, ಡೈವ್ ಮುಗಿಯಿತು ಅಂತಲೇ ತಿಳಿಯಿರಿ.

ಟೋಪಿ, ಕೈಗವಸು, ಬೂಟು ಬಿಗಿಯಾಗಿ ಕೂತಿವೆಯಾ ನೋಡಿ. ಬಾಡಿಗೆ ಸೂಟ್ ಕುತ್ತಿಗೆ ಹತ್ತಿರ ಸಡಿಲ ಇದ್ದರೆ ಬೇರೆ ಕೇಳಿ, ನಾಚಿಕೆ ಬೇಡ. ನಾನು ಒಂದು ದೊಡ್ಡ ಫ್ಲಾಸ್ಕ್‌ನಲ್ಲಿ ಉಗುರುಬೆಚ್ಚಗಿನ ನೀರು ಒಯ್ಯುತ್ತೇನೆ. ಇಳಿಯುವ ಮುಂಚೆ ಕೈಗವಸಿಗೆ ಸ್ವಲ್ಪ, ಕುತ್ತಿಗೆಯಿಂದ ಸೂಟ್ ಒಳಗೆ ಸ್ವಲ್ಪ ಸುರಿದುಕೊಂಡರೆ ಮೊದಲು ಸೂಟ್ ತುಂಬುವುದು ಸಮುದ್ರದ ನೀರಲ್ಲ, ಆ ಬಿಸಿನೀರು. ಇನ್ನೊಂದು ಅಭ್ಯಾಸ: ಈಜುಕೊಳದಲ್ಲಿ ಇದೇ ದಪ್ಪ ಕೈಗವಸು ಹಾಕಿ, ಕಣ್ಣು ಮುಚ್ಚಿ, ಮುಳುಗಲು ಸೊಂಟಕ್ಕೆ ಕಟ್ಟುವ ವೇಟ್ ಬೆಲ್ಟ್‌ನ ಬಕಲ್ ಬಿಚ್ಚಿ ನೋಡಿ, ತೇಲಿಸುವ ಜಾಕೆಟ್‌ಗೆ ಗಾಳಿ ತುಂಬುವ ಗುಂಡಿ ಹುಡುಕಿ ನೋಡಿ. ಬರಿಗೈಯಲ್ಲಿ ಕಲಿತ ಕೆಲಸ ಕೈಗವಸಿನಲ್ಲಿ ಬರುವುದಿಲ್ಲ.

ಕೆಲ್ಪ್ ಸಿಕ್ಕಿಕೊಂಡರೆ ಗಿರಕಿ ಹೊಡೆಯಬೇಡಿ, ಇನ್ನಷ್ಟು ಸುತ್ತಿಕೊಳ್ಳುತ್ತದೆ. ನಿಂತು, ಬಳ್ಳಿಯನ್ನು ಮಡಚಿ ಲಟಕ್ಕನೆ ಮುರಿಯಿರಿ. ಕಲಿಯಲು ಸ್ಯಾನ್ ಕಾರ್ಲೋಸ್ ಬೀಚ್ ಒಳ್ಳೆಯ ಜಾಗ. ಕಾರ್ಮೆಲ್ ಪಕ್ಕದ ಮೊನಾಸ್ಟ್ರಿ ಬೀಚ್ ನೋಡಲು ಚೆಂದ, ಆದರೆ ದಂಡೆ ಕಡಿದು, ಅಲೆ ನೇರ ಕಾಲಬುಡಕ್ಕೇ ಒಡೆಯುತ್ತದೆ. ಅಲ್ಲಿ ಜೀವಗಳು ಹೋಗಿವೆ. ಈಗಲೇ ಅತ್ತ ಹೋಗಬೇಡಿ.

ಹವಾಯಿಯಲ್ಲಿ ಮುಗಿಸಿದರೂ ಕೋರ್ಸ್ ಮುಗಿಸಿದ್ದಕ್ಕೆ ಸಿಗುವ ಕಾರ್ಡ್ ಅದೇ, ತಪ್ಪೇನಿಲ್ಲ. ಆದರೆ ನೀವಿರುವುದು ಇಲ್ಲಿ, ವಾರಾಂತ್ಯಕ್ಕೆ ಇಳಿಯುವುದೂ ಇದೇ ನೀರಿಗೆ ಅಲ್ವಾ? ಇಲ್ಲೇ ಮುಗಿಸಿ ಅಂತ ನನ್ನ ಆಸೆ. ಅಲ್ಲಿ ಮುಗಿಸಿದರೆ, ಇಲ್ಲಿನ ಮೊದಲ ಕೆಲವು ಡೈವ್‌ಗಳನ್ನು ಇನ್‌ಸ್ಟ್ರಕ್ಟರ್ ಜೊತೆಗೇ ಮಾಡಿ. ಕನ್ನಡಕಕ್ಕೆ ಪವರ್ ಇರುವ ಗಾಜಿನ ಮಾಸ್ಕ್ ಸಿಗುತ್ತದೆ. ಬಿಪಿ, ಆಸ್ತಮಾ, ಹೃದಯದ ತೊಂದರೆ ಏನಿದ್ದರೂ ಮೆಡಿಕಲ್ ಫಾರಂನಲ್ಲಿ ಮುಚ್ಚಿಡದೆ ಬರೆಯಿರಿ. ತಣ್ಣೀರು ಬಿಪಿ ಏರಿಸುತ್ತದೆ.

ಪ್ರಶ್ನೆ: ನಾನು ಸಿಯಾಟಲ್‌ನಲ್ಲಿದ್ದೇನೆ, ಡೈವಿಂಗ್ ಈಗಷ್ಟೇ ಕಲಿತೆ. ನೀರು ಒಳಗೆ ಬಿಡದ ಡ್ರೈಸೂಟ್ ತಗೋಬೇಕಾ?

ಉತ್ತರ: ನಿಮ್ಮ ಪಕ್ಕದ ಸಮುದ್ರದ ಹಿನ್ನೀರು ಪ್ಯೂಜೆಟ್ ಸೌಂಡ್‌ನಲ್ಲಿ ಚಳಿಗಾಲದಲ್ಲೂ ಇಳಿಯುವ ಆಸೆ ಇದ್ದರೆ ಹೌದು. ಆದರೆ ಮೊದಲು ಬಾಡಿಗೆಗೆ ತಗೊಂಡು, ಇನ್‌ಸ್ಟ್ರಕ್ಟರ್ ಹತ್ತಿರ ಕಲಿಯಿರಿ. ಸೂಟ್ ಒಳಗಿನ ಗಾಳಿ ಕಾಲಿಗೆ ಏರಿದರೆ ನಿಮ್ಮನ್ನು ತಲೆಕೆಳಗು ಮಾಡಿ ಮೇಲೆ ಎಳೆದೊಯ್ಯುತ್ತದೆ. ಆಗ ಮಂಡಿ ಮಡಚಿ ಉರುಳಿ, ಕಾಲು ಕೆಳಗೆ ತಂದು ಗಾಳಿ ಬಿಡುವುದು ಅಭ್ಯಾಸವಾಗಿರಬೇಕು. ಒಳಗೆ ಹತ್ತಿ ಬನಿಯನ್ ಬೇಡ, ಬೆವರು ಹೀರಿಕೊಂಡು ತಣ್ಣಗಾಗುತ್ತದೆ. ಉಣ್ಣೆಯದು ಹಾಕಿಕೊಳ್ಳಿ.